ಮನೆಗಾಡಿಯ ಕಿಟಕಿಗೆ ಹಚ್ಚಿದ ಎಣ್ಣೆ

ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಒಂದು ಮಳೆಗಾಲವಿಡೀ ಮನೆಗಾಡಿ ನಿಂತಿತ್ತು. ಮನೆಗಾಡಿ ಎಂಬುದು ನಮ್ಮ ಬೀದಿಯವರು ಇಟ್ಟ ಹೆಸರು. ನಿಜಕ್ಕೂ ಅದೊಂದು ಉದ್ದನೆಯ ಹಳೆಯ ವ್ಯಾನು. ಒಳಗೆ ಮಡಚುವ ಮಂಚ, ಪುಟ್ಟ ಒಲೆ, ಊಟದ ತಟ್ಟೆಯಷ್ಟೇ ಅಗಲದ ಕೈತೊಳೆಯುವ ತೊಟ್ಟಿ, ಬಟ್ಟೆ ಇಡಲು ಎರಡು ಗೂಡು, ಸುತ್ತಲೂ ಎಂಟು ಗಾಜಿನ ಕಿಟಕಿ. ವೈಟ್‌ಫೀಲ್ಡಿನ ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಸಾಹೇಬರು ಅದನ್ನು ಹಾಗೆ ಮಾಡಿಸಿಕೊಂಡಿದ್ದರು. ಜೀವಮಾನವಿಡೀ ರೈಲಿನ ಕೊನೆಯ ಡಬ್ಬಿಯಲ್ಲಿ ಕೂತು ಊರುಗಳು ಹಿಂದೆ ಸರಿಯುವುದನ್ನೇ ನೋಡಿದವರಿಗೆ, ಊರುಗಳು ಎದುರು ಬರುವುದನ್ನು ನೋಡುವ ಆಸೆ ಇತ್ತಂತೆ. ಪ್ರತಿ ಡಿಸೆಂಬರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸಮುದ್ರದ ಕಡೆ ಹೊರಟುಬಿಡುತ್ತಿದ್ದರು.

ಆ ಗಾಡಿಯ ಕಿಟಕಿಗಳಿಂದ ನೀರು ಇಳಿಯುತ್ತಿತ್ತು. ಗಾಜಿಗೂ ತಗಡಿಗೂ ನಡುವೆ ಕಪ್ಪು ರಬ್ಬರಿನ ಅಂಚು ಇರುತ್ತದಲ್ಲ, ಅದು ಒಣಗಿತ್ತು. ರಿಪೇರಿಗೆಂದು ಪೀಣ್ಯದ ಒಂದು ಬಸ್ ಬಾಡಿ ಕಟ್ಟುವ ಶೆಡ್ಡಿಗೆ ತಂದು ಬಿಟ್ಟಿದ್ದರು. ನಮ್ಮವರು, ಅಂದರೆ ನನ್ನ ಗಂಡ, ಆ ಶೆಡ್ಡಿನಲ್ಲಿ ಗಾಜು ಮತ್ತು ರಬ್ಬರು ಕೂರಿಸುವ ಕೆಲಸದವರು. ಶೆಡ್ಡಿನ ತುಂಬ ಬಸ್ಸುಗಳು ನಿಂತಿದ್ದವು. ಅದಕ್ಕೇ ಶೆಡ್ಡಿನ ಮಾಲೀಕರು ಗಾಡಿಯನ್ನೂ ಬೀಗದ ಕೈಯನ್ನೂ ನಮ್ಮವರಿಗೆ ಒಪ್ಪಿಸಿ, ನಿಮ್ಮ ಮನೆ ಹತ್ತಿರ ನಿಲ್ಲಿಸಿಕೊಂಡು ಬಿಡುವಾದಾಗ ನೋಡಪ್ಪ ಎಂದುಬಿಟ್ಟರು. ಹೀಗೆ ಶ್ರಾವಣದಲ್ಲಿ ಅದು ಬಾಗಲಗುಂಟೆಗೆ ಬಂತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಾಗಲಗುಂಟೆ ಆಗ ಪೂರ್ತಿ ಹಳ್ಳಿಯೂ ಅಲ್ಲ, ಪೂರ್ತಿ ಬಡಾವಣೆಯೂ ಅಲ್ಲ. ಒಂದು ಕಡೆ ನಮ್ಮಂಥ ಬಾಡಿಗೆಯವರ ಶೀಟಿನ ಮನೆಗಳ ಸಾಲು, ಇನ್ನೊಂದು ಕಡೆ ಮನೆ ಮಾಲೀಕರ ರಾಗಿ ಹೊಲ. ಹೊಲದಾಚೆ ನೀಲಗಿರಿ ತೋಪು. ತೋಪಿನಾಚೆ ಪೀಣ್ಯದ ಕಾರ್ಖಾನೆಗಳು ಹಗಲೆಲ್ಲ ಧಡಲ್ ಧಡಲ್ ಎನ್ನುತ್ತಿದ್ದವು. ಬಂದ ಹೊಸದರಲ್ಲಿ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ, ಆಮೇಲೆ ಭಾನುವಾರ ಆ ಸದ್ದಿಲ್ಲದೆ ಏನೋ ಕಳೆದುಹೋದಂತೆ ಅನ್ನಿಸುತ್ತಿತ್ತು.

ಆ ವರ್ಷ ವೈಶಾಖದಲ್ಲಿ ನನಗೆ ಮೊದಲ ಹೆರಿಗೆ ಆಗಿತ್ತು. ಮಗು ಅಳಲಿಲ್ಲ. "ನೋಡ್ಬೇಡ ಕಣವ್ವ, ನೋಡಿದ ಮುಖ ಮರೆಯಾಕಾಗಲ್ಲ" ಎಂದು ಅಮ್ಮ ನನ್ನ ಕಣ್ಣಿನ ಮೇಲೆ ಸೆರಗು ಒತ್ತಿ ಹಿಡಿದಳು. ತಾನೂ ಮುಖ ತಿರುಗಿಸಿಕೊಂಡಳಂತೆ. ನಾನು ಬಿಡಿಸಿಕೊಳ್ಳಲಿಲ್ಲ. ಮೈಯಲ್ಲಿ ತ್ರಾಣ ಇರಲಿಲ್ಲ ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೆಣ್ಣು ಎಂಬುದು ಆಸ್ಪತ್ರೆಯ ಆಯಾ ಬಾಯಿ ತಪ್ಪಿ ಆಡಿದ ಮಾತಿನಿಂದ ಗೊತ್ತಾಯಿತು. ಬಟ್ಟೆಯಲ್ಲಿ ಸುತ್ತಿ ನಮ್ಮವರ ಕೈಗೆ ಕೊಟ್ಟರು. ಅವರು ತಮ್ಮ ದೊಡ್ಡಪ್ಪನ ಜೊತೆ ಹೋಗಿ ಮಣ್ಣು ಮಾಡಿ ಬಂದರು.

ಅಲ್ಲಿಂದಾಚೆಗೆ ನನಗೆ ಬೇಕಾಗಿದ್ದದ್ದು ಒಂದೇ. ಅವಳ ಮುಖ ಹೇಗಿತ್ತು ಎಂದು ತಿಳಿಯಬೇಕಿತ್ತು. ನಮ್ಮ ಮನೆಯಲ್ಲಿ ಅದನ್ನು ನೋಡಿದ್ದವರು ನಮ್ಮವರೊಬ್ಬರೇ, ಮತ್ತು ಅವರು ಬಾಯಿ ಬಿಡುತ್ತಿರಲಿಲ್ಲ. ಮೊದಲೇ ಅವರು ಮಾತಿಗೂ ರೇಷನ್ ಕಾರ್ಡು ಮಾಡಿಸಿಕೊಂಡಂಥ ಮನುಷ್ಯ. ಹೆರಿಗೆಯಾದ ಮೇಲೆ ಇದ್ದ ಪಾಲೂ ನಿಂತುಹೋಯಿತು. ಮಗುವಿನ ಮಾತು ನನ್ನ ನಾಲಗೆಯ ತುದಿಗೆ ಬಂದರೆ ಸಾಕು, ಅವರಿಗೆ ಅದು ಹೇಗೋ ಗೊತ್ತಾಗಿ ಟವೆಲು ಹೆಗಲಿಗೆ ಹಾಕಿಕೊಂಡು ಆಚೆ ಹೋಗಿಬಿಡುತ್ತಿದ್ದರು. ಬಿಡದೆ ಹಿಂದೆ ಹೋಗಿ ಎರಡು ಸಲ ಕೇಳಿದೆ. ಎರಡು ಸಲವೂ "ನೀರು ಬಂತೇನೋ ನೋಡ್ತೀನಿ" ಎಂದು ಕೊಡ ಎತ್ತಿಕೊಂಡು ನಲ್ಲಿಯ ಕಡೆ ನಡೆದರು. ನಮ್ಮ ಬೀದಿಗೆ ನೀರು ಬರುತ್ತಿದ್ದದ್ದು ಬೆಳಗಿನ ಹೊತ್ತು ಮಾತ್ರ.

ಮನೆಗಾಡಿ ಬಂದ ದಿನ ಬೀಗದ ಕೈಯನ್ನು ಗೋಡೆಯ ಮೊಳೆಗೆ ತಗುಲಿಸಿ ಅವರು ನನಗೆ ಒಂದು ಕೆಲಸ ಹೇಳಿದರು. "ದಿನಾ ಒಂದ್ಸಲ ಬಾಗ್ಲು ತೆಗ್ದು ಗಾಳಿ ಆಡ್ಸು. ರಬ್ಬರ್‌ನ ಸೋಪು ನೀರಲ್ಲಿ ಒರೆಸಿ, ಒಣ ಬಟ್ಟೇಲಿ ಒತ್ತಿ, ಈ ಪೌಡ್ರು ಹಾಕು. ಒಣಗೋಗೈತೆ. ಒಂದಷ್ಟು ದಿನ ತಡೀಲಿ, ಆಮ್ಯಾಕೆ ಏನ್ ಮಾಡ್ಬೇಕು ನೋಡಾನ." ನಾಲ್ಕು ತಿಂಗಳಲ್ಲಿ ಅವರು ನನ್ನೊಡನೆ ಒಂದೇ ಉಸಿರಿನಲ್ಲಿ ಆಡಿದ ಅತಿ ಉದ್ದದ ಮಾತು ಅದೇ. ಅದೂ ರಬ್ಬರಿನ ವಿಷಯಕ್ಕೆ. ನನಗೆ ಆ ಗಾಡಿಯ ಮೇಲೆ ಹೊಟ್ಟೆಕಿಚ್ಚು ಬಂತು ಎಂದರೆ ಸುಳ್ಳಲ್ಲ.

ಆದರೂ ಹೋದೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕೀ ತೆಗೆದುಕೊಂಡು, ಹಿಂದಿನ ಬಾಗಿಲಿನ ಎರಡು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದೆ. ಒಳಗೆ ಹಳೆಯ ಹಾಸಿಗೆಯ, ಸೋಪಿನ, ಎಂದೋ ಕಾಯಿಸಿದ ಕಾಫಿಯ ವಾಸನೆ. ಒಂದೊಂದು ಕಿಟಕಿಯ ಸುತ್ತ ಒದ್ದೆ ಬಟ್ಟೆ ಆಡಿಸುವಾಗ ಬೆರಳಿಗೆ ರಬ್ಬರಿನ ಬಿರುಕುಗಳು ಸಿಕ್ಕುತ್ತಿದ್ದವು. ಸಣ್ಣ ಸಣ್ಣ ಬಿರುಕು, ಮಾಗಿಯ ಚಳಿಯಲ್ಲಿ ಹಿಮ್ಮಡಿ ಒಡೆಯುತ್ತದಲ್ಲ, ಹಾಗೆ. ಕೆಲಸ ಮುಗಿಸಿ ಮಂಚದ ಮೇಲೆ ಒಂದಿಷ್ಟು ಹೊತ್ತು ಕಾಲು ಚಾಚುತ್ತಿದ್ದೆ.

ಅಲ್ಲಿ ಮಲಗಿದರೆ ಹೊಲದ ಕಡೆಯ ಮೂರು ಕಿಟಕಿಗಳು ಕಾಣುತ್ತಿದ್ದವು. ರಾಗಿ ಮೊಣಕಾಲೆತ್ತರ ಬಂದಿತ್ತು. ಗಾಳಿ ಬೀಸಿದಾಗ ಹೊಲ ಪೂರ್ತಿ ಒಂದೇ ಕಡೆಗೆ ವಾಲಿ ಹರಿಯುವುದು. ಅದನ್ನೇ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರೆ ಯಾವುದೋ ಒಂದು ಗಳಿಗೆಯಲ್ಲಿ ಹೊಲ ನಿಂತು ಗಾಡಿ ಹೊರಡುತ್ತಿತ್ತು. ಆ ಗಳಿಗೆಗೆ ನಾನು ದಿನವೂ ಕಾಯುತ್ತಿದ್ದೆ. ಗಾಡಿ ಸದ್ದಿಲ್ಲದೆ ಹೊರಡುವುದು. ನೀಲಗಿರಿ ಮರಗಳು ಒಂದೊಂದಾಗಿ ಹಿಂದೆ ಸರಿಯುವುವು. ಕಾರ್ಖಾನೆಗಳ ಧಡಲ್ ಧಡಲ್ ರೈಲು ಗಾಲಿಯ ಸದ್ದಾಗುವುದು. ಆಮೇಲೆ ನಾನು ನೋಡೇ ಇರದ ಊರುಗಳು, ಕೆಂಪು ಹೆಂಚಿನ ಮನೆಗಳು, ಕೆರೆ ಏರಿಗಳು, ಕೊನೆಗೆ ನಾನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದ ಸಮುದ್ರ. ಗಾಡಿ ಓಡಿಸುವವರು ಯಾರು ಎಂದು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಜೊತೆಯಲ್ಲಿ ಅವಳಿರುತ್ತಿದ್ದಳು. ಎರಡು ಮೂರು ವರ್ಷದವಳು, ನಡುವಿನ ಕಿಟಕಿಯ ಹತ್ತಿರ ಮಂಡಿಯೂರಿ, ಗಾಜಿಗೆ ಎರಡೂ ಅಂಗೈ ಅಂಟಿಸಿಕೊಂಡು ಆಚೆ ನೋಡುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಕುತ್ತಿಗೆ, ತಲೆಯ ಹಿಂಭಾಗ ಅಷ್ಟೇ. ಎಷ್ಟು ಕರೆದರೂ ತಿರುಗುತ್ತಿರಲಿಲ್ಲ. ತಿರುಗುವುದಾದರೂ ಹೇಗೆ, ಯಾವ ಮುಖ ಇಟ್ಟುಕೊಂಡು ತಿರುಗಬೇಕು? ನನಗೇ ಗೊತ್ತಿಲ್ಲದ ಮುಖವನ್ನು ನನ್ನ ಕನಸು ಎಲ್ಲಿಂದ ತಂದೀತು. ಎಚ್ಚರಾದಾಗ ಕೆನ್ನೆ ಒದ್ದೆಯಾಗಿರುತ್ತಿತ್ತು, ಮತ್ತು ನಮ್ಮವರ ಮೇಲೆ ಕೆಂಡದಂಥ ಸಿಟ್ಟು ಬಂದಿರುತ್ತಿತ್ತು.

ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ಅಡುಗೆಮನೆಯ ಗೂಡಿನಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಒಂದು ಸೀಸೆ ಕೈಗೆ ತಗುಲಿತು. ಕೊಬ್ಬರಿ ಎಣ್ಣೆ. ನನ್ನ ತವರು ತಿಪಟೂರು ಕಡೆ. ನನಗೆ ಏಳು ತಿಂಗಳಾದಾಗ ಅಮ್ಮ ಹಿತ್ತಲ ಕಾಯಿಗಳನ್ನೇ ತುರಿದು, ಹಾಲು ಹಿಂಡಿ, ಸಣ್ಣ ಉರಿಯಲ್ಲಿ ಇಡೀ ದಿನ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಕಳಿಸಿದ್ದಳು. ಹುಟ್ಟುವ ಮಗುವಿನ ಮೈಗೆ ತಿಕ್ಕಿ ನೀರು ಹಾಕಲೆಂದು. ಹೆರಿಗೆಯಾದ ಮೇಲೆ ಎಲ್ಲವನ್ನೂ ನನ್ನ ಕಣ್ಣಿಗೆ ಬೀಳದಂತೆ ತೆಗೆದುಬಿಟ್ಟಿದ್ದರು, ಹಳೆ ಸೀರೆಯ ಬಟ್ಟೆಗಳು, ಟೋಪಿ, ಎಲ್ಲ. ಈ ಸೀಸೆ ಉಳಿದುಬಿಟ್ಟಿತ್ತು. ಮುಚ್ಚಳ ತೆಗೆದೆ. ವಾಸನೆ ಒಂದಿಷ್ಟೂ ಕೆಟ್ಟಿರಲಿಲ್ಲ.

ಅದನ್ನು ಅಡುಗೆಗೆ ಬಳಸಲು ಮನಸ್ಸು ಬರಲಿಲ್ಲ. ನನ್ನ ತಲೆಗೆ ಹಚ್ಚಿಕೊಳ್ಳಲೂ ಆಗಲಿಲ್ಲ. ಚೆಲ್ಲುವುದಂತೂ ಸಾಧ್ಯವೇ ಇರಲಿಲ್ಲ. ಸೀಸೆ ಹಿಡಿದುಕೊಂಡೇ ಮನೆಗಾಡಿಗೆ ಹೋದೆ. ಬಿರುಕು ಬಿಟ್ಟ ಆ ರಬ್ಬರಿಗೆ ಒಂದು ಬೆರಳು ಎಣ್ಣೆ ಹಚ್ಚಿದೆ. ಕುಡಿದುಬಿಟ್ಟಿತು. ಇನ್ನೊಂದು ಬೆರಳು ಹಚ್ಚಿದೆ. ಒಣಗಿದ್ದಕ್ಕೆ ಎಣ್ಣೆ ಹಾಕಬೇಕು, ಅದರಲ್ಲಿ ಯೋಚನೆ ಮಾಡುವಂಥದ್ದೇನಿದೆ? ನಮ್ಮ ಮನೆಗಳಲ್ಲಿ ಚರ್ಮಕ್ಕೆ, ಬಾಗಿಲಿಗೆ, ಬೀಗಕ್ಕೆ, ಕುಡುಗೋಲಿನ ಹಿಡಿಗೆ, ಎಲ್ಲಕ್ಕೂ ಎಣ್ಣೆಯೇ ಮದ್ದು.

ಅಲ್ಲಿಂದ ಮುಂದೆ ದಿನಕ್ಕೊಂದು ಕಿಟಕಿ ಎಂದು ಹಚ್ಚುತ್ತ ಹೋದೆ. ಎಂಟು ದಿನಕ್ಕೆ ಒಂದು ಸುತ್ತು ಮುಗಿದರೆ ಮತ್ತೆ ಮೊದಲನೆಯದರಿಂದ. ಅಂಗೈಯಲ್ಲಿ ಎಣ್ಣೆ ಬಿಸಿ ಮಾಡಿಕೊಂಡು, ಮೂಲೆಗಳಿಗೆ ಹೆಬ್ಬೆರಳಿನಿಂದ ನಿಧಾನವಾಗಿ ತಿಕ್ಕುತ್ತಿದ್ದೆ. ಬಾಯಲ್ಲಿ ಏನೋ ಗುನುಗು. ರಬ್ಬರು ಕರ್ರಗೆ ಮಿಂಚಿ ಮೆತ್ತಗಾಯಿತು. ಆ ಮೂರು ವಾರ ನಾನು ಎಷ್ಟು ನೆಮ್ಮದಿಯಾಗಿದ್ದೆ ಎಂದು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ. ಮನೆ ಮಾಲೀಕರ ಹೆಂಡತಿ, ನಾವೆಲ್ಲ ಗೌಡಮ್ಮ ಅನ್ನುತ್ತಿದ್ದವರು, ಹೊಲದಿಂದ ಬರುವಾಗ ನನ್ನನ್ನು ನೋಡಿ, "ಈಗ ಮೊಕ್ದಾಗೆ ಒಸಿ ಕಳೆ ಬಂದೈತೆ ಬುಡು" ಎಂದರು.

ದಸರಾ ಮುಗಿದ ಮೇಲೆ ಜಡಿಮಳೆ ಹಿಡಿಯಿತು. ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ದಿನ ಬಾಗಿಲು ತೆಗೆದರೆ ಮಂಚದ ಹಾಸಿಗೆ ನೀರು ಕುಡಿದು ಊದಿಕೊಂಡಿತ್ತು, ಗೋಡೆಯ ಪ್ಲೈವುಡ್ಡು ಉಬ್ಬಿತ್ತು. ಎಂಟೂ ಕಿಟಕಿಗಳ ರಬ್ಬರು ತನ್ನ ಜಾಗ ಬಿಟ್ಟು ಹೊರಗೆ ಜೋತುಬಿದ್ದಿತ್ತು. ಮುಟ್ಟಿದರೆ ಹುಣಸೇಹಣ್ಣಿನಂತೆ ಬೆರಳಿಗೆ ಅಂಟಿಕೊಂಡಿತು.

ಸಂಜೆ ನಮ್ಮವರು ಬಂದು ನೋಡಿದರು. ಉಗುರಿನಿಂದ ಒಂದು ಚೂರು ಚಿವುಟಿದರು, ಬೆರಳನ್ನು ಮೂಗಿಗೆ ಹಿಡಿದರು.

"ಕೊಬ್ರಿ ಎಣ್ಣೆ," ಎಂದರು. "ರಬ್ಬರ್‌ಗೆ ಎಣ್ಣೆ ತೋರಿಸ್ಬಾರ್ದು. ಮೊದ್ಲು ಮೆತ್ತಗಾಯ್ತದೆ, ಆಮ್ಯಾಕೆ ಊದ್ಕೊಂಡು ಕೊಳೀತದೆ. ಎಲ್ಲಿತ್ತು ಈ ಎಣ್ಣೆ?"

ನಾನು ಮನೆಗೆ ಹೋಗಿ ಸೀಸೆ ತಂದು ತೋರಿಸಿದೆ. ತಳದಲ್ಲಿ ಒಂದೆರಡು ಚಮಚ ಉಳಿದಿತ್ತು. ಅವರಿಗೆ ಗುರುತು ಸಿಕ್ಕಿತು. ಆ ಸೀಸೆಯನ್ನು ತಿಪಟೂರಿನ ಬಸ್ಸಿನಿಂದ ಇಳಿಸಿ, ಒಡೆಯದಿರಲಿ ಎಂದು ಟವೆಲಿನಲ್ಲಿ ಸುತ್ತಿ ತಂದವರು ಅವರೇ. ಸೀಸೆ ನೋಡಿದರು, ಕಿಟಕಿ ನೋಡಿದರು, ನನ್ನನ್ನು ನೋಡಲಿಲ್ಲ.

"ಬಯ್ಯಿರಿ," ಎಂದೆ. "ಬೈದಾದ್ರೂ ಬೈರಿ. ಏನಾದ್ರೂ ಮಾತಾಡಿ."

"ಒಸ ರಬ್ಬರ್ ತರ್ತೀನಿ," ಎಂದು ಮೆಟ್ಟಿಲಿಳಿದು ಹೋದರು.

ಆ ಭಾನುವಾರ ಗಾರ್ಡ್ ಸಾಹೇಬರು ವೈಟ್‌ಫೀಲ್ಡಿನಿಂದ ಮೂರು ಬಸ್ಸು ಬದಲಾಯಿಸಿ ಗಾಡಿ ನೋಡಲು ಬಂದರು. ಒದ್ದೆ ಹಾಸಿಗೆಯನ್ನು ಮುಟ್ಟಿ ನೋಡಿ ಅವರ ಮುಖ ಚಿಕ್ಕದಾಯಿತು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, "ತಪ್ಪು ನಂದು ಸಾರ್. ಏನೋ ಹಚ್ಚಿ ನೋಡಕ್ಕೋದೆ. ದೀಪಾವಳಿ ಒಳ್ಗೆ ಎಲ್ಲಾ ಒಸ್ದು ಹಾಕ್ಕೊಡ್ತೀನಿ" ಎಂದರು. ಸಾಹೇಬರು, "ಡಿಸೆಂಬರ್‌ಗೆ ನಾವು ಹೋಗ್ಬೇಕಪ್ಪ. ಮೇಡಂ ಈಗ್ಲೇ ದಿನ ಎಣಿಸ್ತಾ ಇದ್ದಾರೆ" ಎಂದು ಹೇಳಿ, ಬೈಯದೆ ಹೊರಟರು. ಸುಳ್ಳು ಹೇಳಲು ಬರುವ ಮನುಷ್ಯನಿಗೆ ನನಗೆ ಒಂದು ನಿಜ ಹೇಳಲು ಬರುವುದಿಲ್ಲವಲ್ಲ ಎಂದು ನಾನು ಒಳಗೊಳಗೇ ಕುದ್ದೆ.

ಹೊಸ ರಬ್ಬರು ಸುರುಳಿ ಸುತ್ತಿಕೊಂಡು, ಮೈತುಂಬ ಬಿಳಿ ಪುಡಿ ಬಳಿದುಕೊಂಡು ಬಂತು. ಕೂರಿಸಲು ಇಬ್ಬರು ಬೇಕು. ಶೆಡ್ಡಿನ ಜೊತೆಗಾರನಿಗೆ ಜ್ವರ ಬಂದಿತ್ತು. ನಮ್ಮವರು ಅಂಗಳದಲ್ಲಿ ನಿಂತು ತಲೆ ಕೆರೆದುಕೊಂಡು, "ನೀನೇ ಬಾ" ಎಂದರು.

ಕೆಲಸ ಹೀಗೆ. ಗಾಜಿನ ಸುತ್ತ ರಬ್ಬರು ತೊಡಿಸಬೇಕು. ಆ ರಬ್ಬರಿನ ಹೊರ ಅಂಚಿನಲ್ಲಿ ಒಂದು ಸೀಳು ಇರುತ್ತದೆ. ಕಿಟಕಿಯ ತಗಡಿನ ಅಂಚು ಆ ಸೀಳಿನೊಳಗೆ ಸಿಕ್ಕಿಕೊಳ್ಳಬೇಕು. ಅದಕ್ಕೆ ಸೀಳಿನ ಉದ್ದಕ್ಕೂ ಒಂದು ತೆಳ್ಳನೆಯ ಹುರಿ ತುರುಕಿ, ಸೋಪು ನೀರು ಸವರಿ, ಹುರಿಯ ತುದಿಗಳನ್ನು ಗಾಡಿಯ ಒಳಗಡೆಗೆ ಇಳಿಬಿಡುತ್ತಾರೆ. ಹೊರಗಿನವರು ಗಾಜನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿಯಬೇಕು. ಒಳಗಿನವರು ಹುರಿಯನ್ನು ನಿಧಾನವಾಗಿ ಎಳೆಯುತ್ತ ಹೋದರೆ ರಬ್ಬರಿನ ತುಟಿ ಮಗುಚಿ ತಗಡಿನ ಮೇಲೆ ಕೂರುತ್ತದೆ. ಹುರಿ ಪೂರ್ತಿ ಈಚೆ ಬಂದಾಗ ಕಿಟಕಿ ಮುಚ್ಚಿಕೊಂಡಿರುತ್ತದೆ. ಅವರು ಹೊರಗೆ, ನಾನು ಒಳಗೆ.

ಮೊದಲನೆಯದನ್ನು ನಾನು ಅವಸರದಲ್ಲಿ ಎಳೆದು ಕೆಡಿಸಿದೆ. ಬಿಚ್ಚಿ ಮತ್ತೆ ಹಾಕಿದೆವು. ಎರಡನೆಯದಕ್ಕೆ ಕೈ ಪಳಗಿತು. ಹುಬ್ಬು ಏರಿಸಿದರೆ ಎಳೆ, ತಲೆ ಅಲ್ಲಾಡಿಸಿದರೆ ನಿಲ್ಲು, ಅಷ್ಟೇ ನಮ್ಮ ಮಾತು. ಒಂದೊಂದು ಕಿಟಕಿ ಕೂತ ಹಾಗೆಲ್ಲ ಹೊರಗಿನ ಸದ್ದು ಕಡಿಮೆಯಾಗುತ್ತ ಬಂತು. ಗೌಡಮ್ಮ ಕೋಳಿ ಅಟ್ಟುವುದು, ದೂರದ ರಸ್ತೆಯ ಲಾರಿ, ಎಲ್ಲ ನೀರೊಳಗಿನಿಂದ ಕೇಳಿದಂತೆ. ಬಿಸಿಲು ಸೋಪಿನ ನೊರೆಯ ಮೇಲೆ ಬಿದ್ದು ಗಾಡಿಯ ಒಳಗೆಲ್ಲ ಬಣ್ಣದ ಚುಕ್ಕೆಗಳು ಓಡಾಡುತ್ತಿದ್ದವು. ನಾನು ಅರ್ಧ ನಿದ್ದೆಯಲ್ಲಿದ್ದಂತೆ ಎಳೆಯುತ್ತಿದ್ದೆ.

ಆರನೆಯದೋ ಏಳನೆಯದೋ ಕಿಟಕಿಗೆ ಬರುವ ಹೊತ್ತಿಗೆ ನನಗೆ ಒಂದು ಹೊಳೆಯಿತು. ನಮ್ಮವರ ಮುಖ ನನ್ನ ಮುಖದಿಂದ ಒಂದು ಗೇಣಿನಲ್ಲಿತ್ತು. ಗಾಜು ಒತ್ತಿ ಹಿಡಿದಿದ್ದರಿಂದ ಅವರು ಎತ್ತಲೂ ತಿರುಗುವಂತಿರಲಿಲ್ಲ. ಆರು ತಿಂಗಳಲ್ಲಿ ಅಷ್ಟು ಹೊತ್ತು ನಾನು ಅವರ ಮುಖ ನೋಡಿರಲೇ ಇಲ್ಲ. ಕಣ್ಣಿನ ಕೆಳಗೆ ಕಪ್ಪು ಕೂತಿತ್ತು. ಕಿವಿಯ ಬಳಿ ನರೆತ ಕೂದಲು ಎರಡು, ಮೂವತ್ತೂ ತುಂಬಿರದ ಮನುಷ್ಯನಿಗೆ.

ಎಂಟನೆಯ ಕಿಟಕಿ. ಕೆಳಗಿನ ಅಂಚು ಕೂತಿತು, ಎರಡು ಪಕ್ಕಗಳು ಅರ್ಧದವರೆಗೆ ಕೂತವು. ಮೇಲ್ಗಡೆ ಇನ್ನೂ ಬೆರಳಗಲ ಸಂದು. ನಾನು ಹುರಿ ಎಳೆಯುವುದನ್ನು ನಿಲ್ಲಿಸಿದೆ.

"ಎಳಿ," ಎಂದರು.

"ಹೆಂಗಿದ್ಲು ಅವಳು?" ಎಂದೆ.

ಅವರ ಕೈ ಸಡಿಲವಾಗಲಿಲ್ಲ. ಆಗುವಂತಿರಲಿಲ್ಲ. ಬಿಟ್ಟರೆ ಗಾಜು ನೆಲಕ್ಕೆ ಬೀಳುತ್ತಿತ್ತು, ಹೊತ್ತುಕೊಂಡು ನಲ್ಲಿಗೆ ಹೋಗಲು ಅವರ ಬಳಿ ಕೊಡವೂ ಇರಲಿಲ್ಲ. ಮೋಸವೇ ಇರಬಹುದು. ನನಗೆ ನಾಚಿಕೆಯಾಗಲಿಲ್ಲ.

"ಎಳಿ ಅಂದೆ."

"ಎಳೆಯಲ್ಲ. ಹೇಳಿ. ಇಡೀ ದಿನ ಹಿಂಗೇ ನಿಂತಿರ್ತೀನಿ."

ಸೋಪಿನ ನೀರು ಅವರ ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು. ಕೊನೆಗೆ ಆ ಸಂದಿನಿಂದ ಅವರ ದನಿ ಬಂತು.

"ನಿನ್ ಮುಂದೆ ಅವ್ಳ್ ಮಾತು ಎತ್ಬೇಡ ಅಂದಿದ್ರು. ನಿಮ್ಮವ್ವ ಆಣೆ ಹಾಕಿಸ್ಕೊಂಡಿದ್ರು. ಎತ್ತಿದ್ರೆ ನಿನ್ ಜೀವಕ್ಕೇ ಒಳ್ಳೇದಲ್ಲ ಅಂದ್ರು. ನಾನು ನಂಬ್ದೆ."

"ನನ್ ಜೀವ ಇಲ್ಲೇ ಇದೆ. ಹೇಳಿ."

"ಅಣೆ ಅಗ್ಲ. ನಮ್ಮವ್ವುಂದು. ಮೂಗು ನಿಂದೇ. ಕೂದ್ಲು ತಲೆ ತುಂಬ. ತುಟಿ ಇಂಗೆ ಒಸಿ ಸೊಟ್ಟ ಮಾಡ್ಕೊಂಡಿದ್ಲು, ಸಿಟ್ ಬಂದಾಗ ನೀನು ಮಾಡ್ತೀಯಲ್ಲ, ಅಂಗೆ."

ನನಗೆ ನಗು ಬಂತು. ನಕ್ಕೆ, ಆಮೇಲೆ ಅತ್ತೆ, ಆಮೇಲೆ ಎರಡೂ ಒಟ್ಟಿಗೆ ಆಯಿತು. ಗಾಜಿನ ಆಚೆ ಅವರೂ ಅಳುತ್ತಿದ್ದರು. ಕಣ್ಣೊರೆಸಿಕೊಳ್ಳಲು ಇಬ್ಬರಿಗೂ ಕೈ ಇರಲಿಲ್ಲ.

"ಇನ್ನೊಂದೈತೆ," ಎಂದರು. "ದೊಡ್ಡಪ್ಪ ಗುದ್ದಲಿ ತರಾಕೋದಾಗ ನಾನೊಬ್ನೇ ಇದ್ದೆ. ಕಿವೀಲಿ ಎಸ್ರು ಕರ್ದೆ, ಮೂರ್ ಸಲ. ಎಸ್ರಿಲ್ದಂಗೆ ಎಂಗೆ ಕಳ್ಸಾದು. ಯಾರ್ಗೂ ಏಳಿಲ್ಲ."

ನಾನು ಮಂಚದ ಮೇಲೆ ಹತ್ತಿ, ಸಂದಿಗೆ ಕಿವಿ ಇಟ್ಟೆ. ಹುರಿ ನನ್ನ ಮುಷ್ಟಿಯಲ್ಲೇ ಇತ್ತು. ಅವರು ಹಿಮ್ಮಡಿ ಎತ್ತಿ, ಬಾಯಿ ಹತ್ತಿರ ತಂದು, ಆ ಹೆಸರನ್ನು ಮೂರು ಸಲ ಹೇಳಿದರು.

ಆಮೇಲೆ ಹುರಿ ಎಳೆದೆ, ಕಿಟಕಿ ಕೂತಿತು. ಡಿಸೆಂಬರಿನಲ್ಲಿ ಗಾರ್ಡ್ ಸಾಹೇಬರು ಮೇಡಂ ಅವರನ್ನು ಕೂರಿಸಿಕೊಂಡು ಸಮುದ್ರಕ್ಕೆ ಹೋಗಿಬಂದರು, ಒಳಗೆ ಒಂದು ಹನಿಯೂ ಇಳಿಯಲಿಲ್ಲವಂತೆ. ನಮಗೆ ಮುಂದೆ ಇಬ್ಬರು ಗಂಡುಮಕ್ಕಳಾದರು. ಅವರಿಗೆ ಅಕ್ಕ ಇದ್ದಳೆಂದು ಗೊತ್ತು, ಹೆಸರು ಗೊತ್ತಿಲ್ಲ. ಇಲ್ಲಿಯೂ ಅದನ್ನು ಬರೆಯುವುದಿಲ್ಲ. ಅದು ಗೊತ್ತಿದ್ದವರು ನಾವಿಬ್ಬರೇ. ಹೋದ ವರ್ಷದಿಂದ ನಾನೊಬ್ಬಳೇ.